ಕೀಮೋ ಕೊಟ್ಟಾಗ ದೇಹದ ಕಾವಲು ಪಡೆ ಏನು ಮಾಡುತ್ತದೆ?

"ಕೌಂಟ್ ಕಡಿಮೆ ಇದೆ, ಈ ವಾರ ಕೀಮೋ ಬೇಡ." ಕ್ಯಾನ್ಸರ್ ಚಿಕಿತ್ಸೆಗೆಂದು ಓಡಾಡಿದವರಿಗೆಲ್ಲ ಈ ಮಾತು ಗೊತ್ತು. ಕೌಂಟ್ ಅಂದರೆ ರಕ್ತದಲ್ಲಿರುವ ಬಿಳಿ ಕಣಗಳ ಲೆಕ್ಕ. ಅದು ಇಳಿದರೆ ಸಣ್ಣ ಸೋಂಕೂ ಜೀವಕ್ಕೆ ಕುತ್ತಾಗಬಹುದು. ಹಾಗಾಗಿ ಕೀಮೋ ಅಂದರೆ ರೋಗನಿರೋಧಕ ಶಕ್ತಿಯನ್ನು ಹಾಳು ಮಾಡುವ ಔಷಧ ಎಂಬ ನಂಬಿಕೆ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ವೈದ್ಯರೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಅದು ಸುಳ್ಳಲ್ಲ, ಆದರೆ ಅರ್ಧ ನಿಜ. ಉಳಿದರ್ಧ ತಿಳಿಯಲು ಸುಮಾರು 60 ವರ್ಷ ಬೇಕಾಯಿತು.

ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಅನಿಲಕ್ಕೆ ಸಿಕ್ಕ ಸೈನಿಕರ ರಕ್ತದಲ್ಲಿ ಬಿಳಿ ಕಣಗಳು ತೀರಾ ಕಡಿಮೆಯಾಗಿದ್ದವು. ಇದು 1919ರಲ್ಲೇ ದಾಖಲಾಗಿತ್ತು. ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ಗುಡ್‌ಮನ್ ಮತ್ತು ಆಲ್‌ಫ್ರೆಡ್ ಗಿಲ್‌ಮನ್ ಅದನ್ನೇ ತಿರುಗಿಸಿ ಯೋಚಿಸಿದರು. ಬಿಳಿ ಕಣ ಕೊಲ್ಲುವ ವಸ್ತು ಬಿಳಿ ಕಣಗಳ ಕ್ಯಾನ್ಸರನ್ನೂ ಕೊಲ್ಲಬೇಕು, ಅಲ್ವಾ? 1942ರಲ್ಲಿ ಅದೇ ಜಾತಿಯ ನೈಟ್ರೋಜನ್ ಮಸ್ಟರ್ಡ್ ಅನ್ನು ರೋಗಿಯೊಬ್ಬರಿಗೆ ಕೊಟ್ಟರು. ಗಡ್ಡೆಗಳು ಕರಗಿದವು, ಆದರೆ ಕೆಲವೇ ವಾರ. ಯುದ್ಧಕಾಲದ ಗುಟ್ಟಾದ್ದರಿಂದ ಇದು ಪ್ರಕಟವಾದದ್ದು 1946ರಲ್ಲಿ. ಇಲ್ಲೊಂದು ವಿಷಯ ಗಮನಿಸಿ. ಈ ಔಷಧ ಆಯ್ಕೆಯಾದದ್ದೇ ಬಿಳಿ ಕಣಗಳನ್ನು ಕೊಲ್ಲುತ್ತದೆ ಎಂಬ ಕಾರಣಕ್ಕೆ. ಕೀಮೋ ಮತ್ತು ರೋಗನಿರೋಧಕ ಶಕ್ತಿ ಎದುರಾಳಿಗಳು ಎಂಬ ಭಾವನೆ ಹುಟ್ಟಿನಿಂದಲೇ ಅಂಟಿಕೊಂಡಿತು.

ಆಮೇಲೆ ಬಂದ ಔಷಧಗಳಿಗೂ ಒಂದೇ ಲೆಕ್ಕ. ಬೇಗ ಬೇಗ ಹೆಚ್ಚುವ ಜೀವಕೋಶಗಳನ್ನು ಸಾಯಿಸು, ರೋಗಿ ತಡೆದುಕೊಳ್ಳುವಷ್ಟು ಡೋಸ್ ಕೊಡು. ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳೂ ಬೇಗ ಹೆಚ್ಚುವುದರಿಂದ ಅವೂ ಸಾಯುತ್ತವೆ. ಅದು ತೆರಲೇಬೇಕಾದ ಬೆಲೆ ಎಂದುಕೊಂಡರು.

ಇನ್ನೊಂದು ಅಡ್ಡಿಯೂ ಇತ್ತು. ನನ್ನ ಪ್ರಕಾರ ಅದೇ ದೊಡ್ಡದು. ಮನುಷ್ಯರ ಗಡ್ಡೆಯನ್ನು ಮಾಮೂಲಿ ಇಲಿಯೊಳಗೆ ಬೆಳೆಸಲು ಆಗುವುದಿಲ್ಲ, ಅದರ ದೇಹ ಒಪ್ಪುವುದಿಲ್ಲ. ಅದಕ್ಕೆ ಥೈಮಸ್ ಗ್ರಂಥಿಯಿಲ್ಲದೆ ಹುಟ್ಟುವ ಬೋಳು ಇಲಿಗಳನ್ನು ಬಳಸಿದರು. ಥೈಮಸ್ ಇಲ್ಲದಿದ್ದರೆ ಟಿ ಕೋಶಗಳೆಂಬ ಬಿಳಿ ಕಣಗಳು ಬಲಿಯುವುದಿಲ್ಲ. ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲುವ ಮುಖ್ಯ ಪಡೆ ಅದೇ. ಆ ಪಡೆಯೇ ಇಲ್ಲದ ಇಲಿಯಲ್ಲಿ ಔಷಧ ಪರೀಕ್ಷಿಸಿದರೆ, ಔಷಧಕ್ಕೂ ಆ ಪಡೆಗೂ ಇರುವ ನಂಟು ಕಾಣುವುದಾದರೂ ಹೇಗೆ?

ಸುಳಿವು ಸಿಕ್ಕಿರಲಿಲ್ಲ ಎಂದಲ್ಲ. 1982ರಲ್ಲಿ ರಾಬರ್ಟ್ ನಾರ್ತ್ ಎಂಬ ವಿಜ್ಞಾನಿ ಇಲಿಗಳಿಗೆ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಕೊಟ್ಟು, ಆಮೇಲೆ ಆ ಕ್ಯಾನ್ಸರ್ ವಿರುದ್ಧ ತಯಾರಾಗಿದ್ದ ಟಿ ಕೋಶಗಳನ್ನು ಸೇರಿಸಿದರು. ಗಡ್ಡೆಗಳು ಕರಗಿದವು. ಬರೀ ಕೋಶಗಳನ್ನು ಕೊಟ್ಟಾಗ ಹಾಗಾಗಲಿಲ್ಲ. ಕಾವಲು ಪಡೆಯನ್ನು ತಡೆದು ನಿಲ್ಲಿಸುವ ಬೇರೆ ಕೋಶಗಳಿವೆ, ಔಷಧ ಅವನ್ನು ತೆಗೆದುಹಾಕಿತು ಎಂಬುದು ಅವರ ವಾದ. ಆದರೆ ಅಂಥ ಕೋಶಗಳು ಇವೆಯೇ ಎಂಬುದೇ ಆಗ ಜಗಳದ ವಿಷಯವಾಯಿತು. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಅವನ್ನು ಸ್ಪಷ್ಟವಾಗಿ ಗುರುತಿಸಿದರು. ಆ ಕೆಲಸಕ್ಕೆ 2025ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ದೊಡ್ಡ ತಿರುವು 2005ರದು. ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್‌ನಲ್ಲಿ ಗೀಡೊ ಕ್ರೋಮರ್ ಮತ್ತು ಲಾರೆನ್ಸ್ ಜಿತ್‌ವೋಗಲ್ ಅವರ ತಂಡ ಇಲಿಯ ಕರುಳಿನ ಕ್ಯಾನ್ಸರ್ ಕೋಶಗಳನ್ನು ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧದಿಂದ ಸಾಯಿಸಿತು. ಸತ್ತ ಕೋಶಗಳನ್ನು ಆರೋಗ್ಯವಾಗಿದ್ದ ಇಲಿಗಳಿಗೆ ಚುಚ್ಚಿತು. ಕೆಲ ದಿನ ಬಿಟ್ಟು ಅದೇ ಕ್ಯಾನ್ಸರಿನ ಜೀವಂತ ಕೋಶ ಕೊಟ್ಟರೆ, ಹೆಚ್ಚಿನ ಇಲಿಗಳಲ್ಲಿ ಗಡ್ಡೆ ಬೆಳೆಯಲೇ ಇಲ್ಲ. ಸತ್ತ ಕ್ಯಾನ್ಸರ್ ಕೋಶ ಲಸಿಕೆಯಾಗಿತ್ತು! ಮೈಟೊಮೈಸಿನ್ ಎಂಬ ಇನ್ನೊಂದು ಕೀಮೋ ಔಷಧದಿಂದ ಸತ್ತ ಕೋಶಗಳಿಂದ ಇಂಥ ರಕ್ಷಣೆ ಸಿಗಲಿಲ್ಲ. ಕೋಶ ಸಾಯುವುದಷ್ಟೇ ಅಲ್ಲ, ಹೇಗೆ ಸಾಯುತ್ತದೆ ಎಂಬುದೂ ಮುಖ್ಯ ಎಂದಾಯಿತು.

ಮುಂದಿನ ಕೆಲವು ವರ್ಷಗಳಲ್ಲಿ ಇದರ ಒಳಗುಟ್ಟು ಬಿಚ್ಚಿಕೊಂಡಿತು. ಡಾಕ್ಸೋರುಬಿಸಿನ್ ತಾಗಿದ ಕೋಶ ಸಾಯುವ ಮೊದಲು ತನ್ನೊಳಗಿನ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ಮೈಮೇಲೆ ತಂದಿಡುತ್ತದೆ. ಅದು "ನನ್ನನ್ನು ನುಂಗು" ಎಂಬ ಗುರುತು. ಜೊತೆಗೆ ಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ವಸ್ತುವನ್ನು ಹೊರಚೆಲ್ಲುತ್ತದೆ. ಅದರ ಜಾಡು ಹಿಡಿದು ಕಾವಲು ಪಡೆಯ ಡೆಂಡ್ರೈಟಿಕ್ ಕೋಶಗಳು ಬರುತ್ತವೆ, ಸತ್ತದ್ದನ್ನು ನುಂಗಿ ಅದರ ಚೂರುಗಳನ್ನು ಟಿ ಕೋಶಗಳಿಗೆ ತೋರಿಸುತ್ತವೆ. ಆಗ ಬೇಟೆ ಶುರು. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಕ್ಕೂ ಈ ಗುಣವಿದೆ. ಅದೇ ಪ್ಲಾಟಿನಂ ಕುಟುಂಬದ ಸಿಸ್‌ಪ್ಲಾಟಿನ್ ತಾಗಿದರೆ ಕ್ಯಾಲ್‌ರೆಟಿಕ್ಯುಲಿನ್ ಅಷ್ಟಾಗಿ ಮೇಲೆ ಬರುವುದಿಲ್ಲ.

2013ರಲ್ಲಿ ಯಾರೂ ಎಣಿಸದ ಸಂಗತಿಯೊಂದು ಹೊರಬಂತು. ಸೈಕ್ಲೋಫಾಸ್ಫಮೈಡ್ ಕೊಟ್ಟಾಗ ಇಲಿಗಳ ಕರುಳಿನ ಕೆಲವು ಬ್ಯಾಕ್ಟೀರಿಯಾ ಹೊರದಾಟಿ ದುಗ್ಧಗ್ರಂಥಿಗಳಿಗೆ ಹೋಗಿ, ಅಲ್ಲಿ ಟಿ ಕೋಶಗಳನ್ನು ಹುರಿಗೊಳಿಸುತ್ತಿದ್ದವು. ಆಂಟಿಬಯಾಟಿಕ್ ತಿಂದ ಇಲಿಗಳಲ್ಲಿ ಔಷಧದ ಫಲವೇ ತಗ್ಗಿತು.

ಇಷ್ಟರಲ್ಲಿ ಟಿ ಕೋಶಗಳ ಮೇಲಿನ ಬ್ರೇಕ್ ತೆಗೆಯುವ ಇಮ್ಯುನೊಥೆರಪಿ ಬಂದಿತ್ತು. ಜೊತೆಗೆ ಕೀಮೋ ಕೊಟ್ಟರೆ ಆ ಟಿ ಕೋಶಗಳೇ ಸಾಯುತ್ತವಲ್ಲ ಎಂಬ ಅಂಜಿಕೆ ಸಹಜವಾಗಿತ್ತು. 2018ರ ದೊಡ್ಡ ಪ್ರಯೋಗವೊಂದರಲ್ಲಿ ಒಂದು ಬಗೆಯ ಶ್ವಾಸಕೋಶ ಕ್ಯಾನ್ಸರಿಗೆ ಎರಡನ್ನೂ ಕೂಡಿಸಿ ಕೊಟ್ಟರು. ಒಂದು ವರ್ಷದ ಬಳಿಕ ಬದುಕಿದ್ದವರು ಶೇ 69. ಬರೀ ಕೀಮೋ ಪಡೆದವರಲ್ಲಿ ಶೇ 49. ಈ ಲಾಭವೆಲ್ಲ ಕೀಮೋ ಕಾವಲು ಪಡೆಯನ್ನು ಎಬ್ಬಿಸಿದ್ದರಿಂದಲೇ ಬಂತು ಎನ್ನಲಾಗದು. ಎರಡು ಔಷಧ ತಂತಮ್ಮ ಕೆಲಸ ಬೇರೆ ಬೇರೆಯಾಗಿ ಮಾಡಿದ್ದರೂ ಸಾಕು. ಹಾಗೆಯೇ, ಕೌಂಟ್ ಇಳಿದರೆ ಚಿಂತೆಯಿಲ್ಲ ಎಂದು ಯಾರೂ ತಿಳಿಯಬಾರದು. ಕೀಮೋ ನಡುವೆ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಲೇಬೇಕು.

ಇಲಿಯ ಪಾಠ ಮನುಷ್ಯರಿಗೆ ಎಷ್ಟು ಹೊಂದುತ್ತದೆ ಎಂದು ನೇರವಾಗಿ ನೋಡಿದ್ದು ನೆದರ್‌ಲ್ಯಾಂಡ್ಸ್‌ನ ಟಾನಿಕ್ ಪ್ರಯೋಗ. 2019ರಲ್ಲಿ ಪ್ರಕಟವಾಯಿತು. ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಸ್ತನ ಕ್ಯಾನ್ಸರ್ ದೇಹದ ಬೇರೆಡೆಗೂ ಹರಡಿದವರಿಗೆ ಮೊದಲು ಸ್ವಲ್ಪ ದಿನ ಬೇರೆ ಬೇರೆ ಕೀಮೋ, ಆಮೇಲೆ ಇಮ್ಯುನೊಥೆರಪಿ. ಡಾಕ್ಸೋರುಬಿಸಿನ್ ಗುಂಪಿನಲ್ಲಿ ಶೇ 35 ಜನರ ಗಡ್ಡೆ ಕುಗ್ಗಿತು. ಮೊದಲು ಏನೂ ಕೊಡದವರಲ್ಲಿ ಶೇ 17. ಇಷ್ಟರಮಟ್ಟಿಗೆ ಇದು ಇಲಿಗಳಲ್ಲಿ ಕಂಡಂತೆಯೇ. ಆದರೆ ಸಿಸ್‌ಪ್ಲಾಟಿನ್ ಗುಂಪಿನಲ್ಲೂ ಶೇ 23 ಬಂತು. ಇಲಿಗಳಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ ಸೈಕ್ಲೋಫಾಸ್ಫಮೈಡ್ ಶೇ 8ಕ್ಕೆ ನಿಂತಿತು. ಎಲ್ಲ ಗುಂಪು ಸೇರಿದರೂ ರೋಗಿಗಳು 70ಕ್ಕಿಂತ ಕಡಿಮೆ, ಹಾಗಾಗಿ ಇದೇ ಕೊನೆ ಮಾತಲ್ಲ. ಯಾವ ಔಷಧ, ಎಷ್ಟು ಡೋಸ್, ಇಮ್ಯುನೊಥೆರಪಿಗೆ ಎಷ್ಟು ದಿನ ಮೊದಲು ಎಂಬುದನ್ನು ಒಂದೊಂದು ಕ್ಯಾನ್ಸರಿಗೂ ಬೇರೆಯಾಗಿಯೇ ಪರೀಕ್ಷಿಸಬೇಕಾಗಿದೆ.