ಎಂಡಾರ್ಫಿನ್ ಒಂದನ್ನೇ ಬರೆದು ಬಿಡಬೇಡಿ: ಆಟ ಮತ್ತು ಮನಸ್ಸು

‘ವ್ಯಾಯಾಮ ಮಾಡಿದರೆ ಎಂಡಾರ್ಫಿನ್ ಬಿಡುಗಡೆಯಾಗಿ ಖುಷಿಯಾಗುತ್ತದೆ.’ ಉತ್ತರಪತ್ರಿಕೆಯಲ್ಲಿ ಎಲ್ಲರೂ ಬರೆಯುವ ಸಾಲು ಇದು. ಎಂಡಾರ್ಫಿನ್ ಎಂದರೆ ದೇಹವೇ ತಯಾರಿಸುವ, ನೋವು ತಗ್ಗಿಸುವ ರಾಸಾಯನಿಕ. ಆದರೆ ರಕ್ತದಲ್ಲಿ ಏರಿದ ಎಂಡಾರ್ಫಿನ್ ಮಿದುಳಿನೊಳಕ್ಕೆ ಸುಲಭವಾಗಿ ಹೋಗುವುದಿಲ್ಲ, ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇದೆ. ಓಡಿದ ಮೇಲೆ ಮನಸ್ಸು ಹಗುರಾಗುವುದಕ್ಕೆ ಸಂಶೋಧಕರು ಈಗ ಎಂಡೊಕ್ಯಾನಬಿನಾಯ್ಡ್‌ಗಳನ್ನೂ ಕಾರಣವಾಗಿ ಹೇಳುತ್ತಾರೆ. ಅವೂ ದೇಹವೇ ತಯಾರಿಸುವ, ಕೊಬ್ಬಿನಲ್ಲಿ ಕರಗುವ ಅಣುಗಳು, ಆ ತಡೆಯನ್ನು ದಾಟಬಲ್ಲವು.

ಮರೆಯಬಾರದ ಅಧ್ಯಯನ 1999ರದ್ದು, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂತಾಲ್ ಮತ್ತು ತಂಡ ನಡೆಸಿದ್ದು. ಖಿನ್ನತೆ ಇದ್ದ, 50 ವರ್ಷ ಮತ್ತು ಮೇಲ್ಪಟ್ಟ 156 ಮಂದಿಯನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ, ಮತ್ತೊಂದಕ್ಕೆ ಎರಡೂ. 16 ವಾರ ಕಳೆದಾಗ ಮೂರೂ ಗುಂಪಿನ ಚೇತರಿಕೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿತ್ತು, ಮಾತ್ರೆಯ ಗುಣ ಮಾತ್ರ ಬೇಗ ಕಂಡಿತ್ತು. ‘ಹಾಗಾದರೆ ಮಾತ್ರೆ ಯಾಕೆ?’ ಎಂದು ಹಾರಬೇಡಿ. ಬಂದವರು ತಾವಾಗಿ ಮುಂದೆ ಬಂದವರು, ಹೋಲಿಸಿ ನೋಡಲು ಹುಸಿಮಾತ್ರೆಯ (ಔಷಧವಿಲ್ಲದ ಮಾತ್ರೆ) ಗುಂಪು ಇರಲಿಲ್ಲ. ಇನ್ನೊಂದು ವಿಷಯ, ನನಗಂತೂ ಇದೇ ಮುಖ್ಯ: ವ್ಯಾಯಾಮ ನಡೆದದ್ದು ವಾರಕ್ಕೆ ಮೂರು ದಿನ, ಗುಂಪಿನಲ್ಲಿ, ತರಬೇತುದಾರರ ಮುಂದೆ. ಗುಣ ಓಟದ್ದೋ, ಜೊತೆಗಿದ್ದ ಜನರದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ.

ನಮ್ಮ ಉಡುಪಿಯ ಮಲ್ಪೆ ಕಡೆ ಸಂಜೆ ವಾಲಿಬಾಲ್ ಆಡುವವರನ್ನು ನೋಡಿ. ಒಬ್ಬ ಎರಡು ದಿನ ಬಾರದಿದ್ದರೆ ಫೋನ್ ಹೋಗುತ್ತದೆ, ‘ಎಂತ ಮಾರಾಯ, ಕಾಣ್ಲಿಕ್ಕೇ ಇಲ್ವಲ್ಲ?’ ಖಿನ್ನತೆ ಬಂದವರು ಮೊದಲು ಮಾಡುವುದೇ ಜನರಿಂದ ದೂರ ಸರಿಯುವುದು. ಸರಿದಷ್ಟೂ ಬೇಸರ, ಬೇಸರವಾದಷ್ಟೂ ಕೋಣೆ. ಈ ಸುತ್ತನ್ನು ಕಡಿಯುವುದು ಆ ಫೋನ್. ಒಬ್ಬರೇ ಟ್ರೆಡ್‌ಮಿಲ್ ಮೇಲೆ ಓಡಿದರೆ ಇದು ಸಿಗದು. ‘ಮನಸ್ಸು ಬಂದ ಮೇಲೆ ಹೋಗ್ತೇನೆ’ ಎಂದು ಕಾಯದೆ ಮೊದಲು ಹೋಗಿಬಿಡುವುದು, ಮನಸ್ಸು ಹಿಂದಿನಿಂದ ಬರುತ್ತದೆ. ವರ್ತನಾ ಚಿಕಿತ್ಸೆಯಲ್ಲೂ ಇದೇ ತತ್ವ ಬಳಸುತ್ತಾರೆ.

ಪ್ರಮಾಣ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಓಡುವುದೇ ಆಗಬೇಕೆಂದಿಲ್ಲ, ಬಿರುಸಿನ ನಡಿಗೆ ಸಾಕು.

ನಮ್ಮೂರಿನ ತೊಡಕು ಮಳೆ. ಜೂನ್ ಬಂತೆಂದರೆ ಅಜ್ಜರಕಾಡು ಮೈದಾನವೂ ಕೆಸರು, ಕಡಲ ಬದಿಗೂ ಹೋಗುವಂತಿಲ್ಲ, ಕಷ್ಟಪಟ್ಟು ಹಿಡಿದ ಅಭ್ಯಾಸ ತಪ್ಪಿಹೋಗುತ್ತದೆ. ಖಿನ್ನತೆ ಕುರಿತ 218 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2024ರ ವಿಶ್ಲೇಷಣೆಯೊಂದರಲ್ಲಿ ನಡಿಗೆ, ಜಾಗಿಂಗ್ ಜೊತೆಗೆ ಯೋಗ, ತೂಕ ಎತ್ತುವುದೂ ಚೆನ್ನಾಗಿಯೇ ಫಲ ಕೊಟ್ಟಿವೆ. ಹಾಗಾಗಿ ಮಳೆಗಾಲಕ್ಕೆ ಜಗಲಿಯಲ್ಲೇ ಯೋಗ, ಇಲ್ಲವೇ ಒಳಾಂಗಣದಲ್ಲಿ ಷಟಲ್.

ಮಕ್ಕಳ ವಿಷಯದಲ್ಲಿ ನಾವು ಎಡವಟ್ಟು ಮಾಡುತ್ತೇವೆ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪೈಪೋಟಿಯಲ್ಲಿರುವ ನಮ್ಮ ಜಿಲ್ಲೆಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗ ಮೊದಲು ಹೋಗುವುದು ಆಟದ ಪೀರಿಯಡ್, ಅದೂ ಒತ್ತಡ ಅತಿ ಹೆಚ್ಚಿರುವ ತಿಂಗಳುಗಳಲ್ಲೇ.

ಕೊನೆಗೊಂದು ಎಚ್ಚರಿಕೆ: ಬದುಕೇ ಬೇಡ ಎನ್ನುವವರಿಗೆ ‘ನಾಲ್ಕು ಸುತ್ತು ಓಡು’ ಎನ್ನಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ದಿನದ 24 ಗಂಟೆಯೂ ಇದೆ. ನೀವೇ ಡಯಲ್ ಮಾಡಿ ಫೋನನ್ನು ಅವರ ಕೈಗೆ ಕೊಡಿ.