ಕಡಿಸಿಕೊಂಡರೆ ಏನು ಹೋಗುತ್ತದೆ?

ಎರಡು ದಾಳ ಉರುಳಿಸಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಕಲಿಯಲು ಬರುವವರಲ್ಲಿ ಹೆಚ್ಚಿನವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಮನೆಯಲ್ಲಿ ಜೊತೆಯಿಲ್ಲದ ಒಂಟಿ ಕಾಯಿ ಎದುರಾಳಿಯ ಕಾಯಿಗಿಂತ ಆರು ಹೆಜ್ಜೆ ಮುಂದಿದ್ದರೆ ಎರಡು ದಾಳದ 36 ಗರಗಳಲ್ಲಿ 17 ಅದನ್ನು ಕಡಿಯುತ್ತವೆ (ಹೊಡೆದು ಹೊರಹಾಕುತ್ತವೆ), ನಾಲ್ಕು ಹೆಜ್ಜೆಯಾದರೆ 15, ಏಳಾದರೆ ಬರೀ 6 ಎಂದು ಗಡಗಡ ಒಪ್ಪಿಸುತ್ತಾರೆ. ಆಮೇಲೆ ಅತಿ ಕಡಿಮೆ ಗರಗಳಿಗೆ ಸಿಗುವ ನಡೆ ಆಡಿ ನಿಶ್ಚಿಂತರಾಗುತ್ತಾರೆ. ಕಡಿಸಿಕೊಂಡರೆ ಎಷ್ಟು ನಷ್ಟ ಎಂದು ಮಾತ್ರ ಯಾರೂ ಕೇಳುವುದಿಲ್ಲ!

ಮೊದಲ ನಷ್ಟ ಹೆಜ್ಜೆಗಳದ್ದು: ಕಡಿಸಿಕೊಂಡ ಕಾಯಿ ಮೊದಲಿಂದ ಹೊರಡಬೇಕು. ಮನೆಗಳ ಎಣಿಕೆ ನಿಮ್ಮ ಗುರಿಯ ತುದಿಯಿಂದ, 1ರಿಂದ 24ರವರೆಗೆ. ನಿಮ್ಮ 5ನೇ ಮನೆಯಲ್ಲಿದ್ದ ಕಾಯಿ ಹೋದರೆ 20 ಹೆಜ್ಜೆ ಹೋದವು. 20ನೇ ಮನೆಯಲ್ಲಿದ್ದದ್ದು ಹೋದರೆ ಐದೇ. ಇದಕ್ಕಿಂತ ದೊಡ್ಡದು, ಬಾರ್‌ನಿಂದ (ಕಡಿದ ಕಾಯಿ ಕೂರುವ ನಡುಪಟ್ಟಿಯಿಂದ) ಒಳಬರುವ ಕಷ್ಟ. ಒಳಬರುವುದು ಎದುರಾಳಿಯ ಹೋಮ್ ಬೋರ್ಡ್‌ಗೆ, ಅಂದರೆ ಅವರ ಕೊನೆಯ ಆರು ಮನೆಗಳಿಗೆ; ಅಲ್ಲಿ ಒಂದೇ ಮನೆ ಕಟ್ಟಿದ್ದರೆ (ಎರಡು ಅಥವಾ ಹೆಚ್ಚು ಕಾಯಿ ಇಟ್ಟು ಮುಚ್ಚಿದ್ದರೆ) 36ರಲ್ಲಿ ಒಂದು ಗರ ಮಾತ್ರ ನಿಮ್ಮನ್ನು ಹೊರಗಿಡುತ್ತದೆ. ಮೂರು ಕಟ್ಟಿದ್ದರೆ 9, ನಾಲ್ಕಕ್ಕೆ 16, ಐದಕ್ಕೆ 25. ಅಂದರೆ ಅದೇ 15 ಗರದ ಅಪಾಯ ಆರಂಭದಲ್ಲಿ ಸಹಿಸುವಂಥದ್ದು, ಐದು ಮನೆ ಕಟ್ಟಿದ ಮೇಲೆ ಆಟವನ್ನೇ ನುಂಗುವಂಥದ್ದು. ಅಲ್ಲೇ ಅವರ ಒಂಟಿ ಕಾಯಿ ಇದ್ದರೆ ಲೆಕ್ಕ ಮತ್ತೆ ಬದಲು: ಒಳಬರುತ್ತಲೇ ನೀವು ಅದನ್ನು ಕಡಿಯಬಹುದು.

ಮೊದಲ ಗರ 2-1 ಬಿತ್ತೆನ್ನಿ; ಎದುರಾಳಿಯ ಹಿಂದಿನ ಜೋಡಿ ನಿಮ್ಮ 1ನೇ ಮನೆಯಲ್ಲಿದೆ. 13ರಿಂದ 11ಕ್ಕೆ, 6ರಿಂದ 5ಕ್ಕೆ ಆಡಿದರೆ 5ನೇ ಮನೆಯ ಒಂಟಿ ಕಾಯಿಯನ್ನು ಕಡಿಯುವುದು 15 ಗರ: ನಾಲ್ಕು ಇರುವ 11, ಜೊತೆಗೆ 3-1ರ ಎರಡು, 2-2, 1-1. ತಪ್ಪಿಸಿಕೊಂಡರೆ ಮುಂದಿನ ಗರದಲ್ಲೇ ಅದನ್ನು ಜೋಡಿ ಮಾಡಿ, ಅತ್ಯುತ್ತಮ ಮನೆ ಕಟ್ಟಬಹುದು. ಧೈರ್ಯಕ್ಕೆ ತಕ್ಕ ಫಲ. ಆದರೆ ಎದುರಾಳಿ ಆಗಲೇ ಹಿಂದಿನ ಜೋಡಿ ಒಡೆದು, ಒಂದು ಕಾಯಿ ನಿಮ್ಮ 1ನೇ ಮನೆಯಲ್ಲಿ, ಇನ್ನೊಂದು 2ನೇ ಮನೆಯಲ್ಲಿ ಇದ್ದರೆ ಅದೇ ಕಾಯಿಗೆ 24 ಗರ! ಪಾಠ ಕಲಿತವರು ಇಲ್ಲೇ ಮುಗ್ಗರಿಸುವುದು. ಆರಂಭದ ನಡೆಯನ್ನು ಕಣ್ಣುಮುಚ್ಚಿ ಮತ್ತೆ ಆಡುತ್ತಾರೆ.

ಇನ್ನು ‘ಕ್ಷೇಮದ’ ನಡೆಯ ಬಡ್ಡಿ. 13ನೇ ಮನೆಯ ಕೊನೆಯ ಎರಡು ಕಾಯಿಗಳನ್ನು ಎದುರಾಳಿಯ ಕಣ್ಣೆದುರು ದಾಟಿಸಲೇಬೇಕಿದೆ, ಅವರ ಬೋರ್ಡ್‌ನಲ್ಲಿ ಈಗ ಎರಡೇ ಮನೆ. ಅಪಾಯ ತೆಗೆದುಕೊಳ್ಳುವುದಾದರೆ ಈಗಲೇ. ಕಾದರೆ ಅವರು ನಾಲ್ಕು ಕಟ್ಟಿರುತ್ತಾರೆ, ನಿಮಗೋ ಬಿಡಿ ಕಾಯಿಗಳು ಮುಗಿದು ಜೋಡಿ ಒಡೆಯುವ ಗರವೇ ಬೀಳುತ್ತದೆ. ತದ್ವಿರುದ್ಧವಾಗಿ, ಅವರಿಗೆ ಬೇರೆ ನಡೆ ಉಳಿಯದೆ ಬೋರ್ಡ್ ತಾನಾಗಿ ಒಡೆಯುವಂತಿದ್ದರೆ ಕಾಯುವುದೇ ಸರಿ.

ಅವರ ಹೋಮ್ ಬೋರ್ಡ್‌ನಲ್ಲಿ ನಿಮ್ಮದೊಂದು ಜೋಡಿ ಭದ್ರವಾಗಿದ್ದರೆ ಸಾಮಾನ್ಯವಾಗಿ ಇನ್ನಷ್ಟು ಧೈರ್ಯ ಮಾಡಬಹುದು: ಒಳಬರಲು ಒಂದು ಮನೆ ಸದಾ ತೆರೆದಿರುತ್ತದೆ. ಇದೂ ಕುರುಡು ನಿಯಮವಲ್ಲ. ಗ್ಯಾಮನ್ (ಒಂದು ಕಾಯಿಯನ್ನೂ ಹೊರತೆಗೆಯದೆ) ಸೋತರೆ ಎರಡರಷ್ಟು ಹೋಗುವ ಆಟದಲ್ಲಿ ಕೈ ಹಿಡಿತದಲ್ಲಿರಲಿ. ಇಬ್ಬರಿಗೂ ಒಂದೇ ಅಂಕ ಬೇಕಿರುವ ಕೊನೆಯ ಆಟದಲ್ಲಿ ಮಾತ್ರ ಆ ಭಯಕ್ಕೆ ಅರ್ಥವಿಲ್ಲ, ಗ್ಯಾಮನ್ ಆದರೂ ಹೋಗುವುದು ಅದೇ ಒಂದು ಪಂದ್ಯ.