ಸ್ಟೋನ್‌ಹೆಂಜ್ ನೆರೆಯಲ್ಲಿ ಅಗೆಯದೆ ಕಂಡದ್ದು, ಅಗೆದಾಗ ತಿಳಿದದ್ದು

ಒಮ್ಮೆ ತೋಡಿದ ಕಂದಕವು ಮತ್ತೆ ಮುಚ್ಚಿಹೋಗಿ, ಅದರ ಮೇಲೆ ನಾಲ್ಕೂವರೆ ಸಾವಿರ ವರ್ಷ ಹುಲ್ಲು ಬೆಳೆದರೂ, ಅದರೊಳಗಿನ ಮಣ್ಣು ಅಕ್ಕಪಕ್ಕದ ನೆಲದಂತೆ ಆಗುವುದಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುಗಳ ವೃತ್ತದ ಸುತ್ತಮುತ್ತ 2010ರಲ್ಲಿ ಆರಂಭವಾದ ಭೂಭೌತ ಸಮೀಕ್ಷೆ ನೆಚ್ಚಿಕೊಂಡದ್ದು ಈ ವ್ಯತ್ಯಾಸವನ್ನೇ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ವಿಯೆನ್ನಾದ ಲುಡ್ವಿಗ್ ಬೋಲ್ಟ್ಸ್‌ಮನ್ ಸಂಸ್ಥೆಯ ತಜ್ಞರು ಉಪಕರಣಗಳನ್ನು ವಾಹನಗಳ ಹಿಂದೆ ಕಟ್ಟಿ ಎಳೆಯುತ್ತ, ಸುಮಾರು 12 ಚದರ ಕಿಲೋಮೀಟರ್ ನೆಲವನ್ನು ಗುದ್ದಲಿ ಮುಟ್ಟಿಸದೆ ಪರಿಶೀಲಿಸಿದರು.

ಅಲ್ಲಿನ ತಳಪದರ ಸೀಮೆಸುಣ್ಣದಂತಹ ಬಿಳಿ ಮೆದುಕಲ್ಲು. ಅದರಲ್ಲಿ ಕಾಂತೀಯತೆ ಬಹಳ ಕಡಿಮೆ. ಕಂದಕಕ್ಕೆ ಜಾರಿ ತುಂಬಿಕೊಂಡ ಮೇಲ್ಮಣ್ಣಿನಲ್ಲಾದರೋ, ಬೆಂಕಿಯ ಕಾವಿನಿಂದಲೂ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದಲೂ ರೂಪಾಂತರಗೊಂಡ ಕಬ್ಬಿಣದ ಆಕ್ಸೈಡುಗಳಿರುತ್ತವೆ. ಭೂಮಿಯ ಕಾಂತಕ್ಷೇತ್ರ ಅಲ್ಲಿ ಸುಮಾರು 48,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ). ಹೂತ ಕಂದಕವೊಂದು ಅದರಲ್ಲಿ ಉಂಟುಮಾಡುವ ಏರುಪೇರು ಎಷ್ಟೋ ವೇಳೆ ಕೆಲವೇ ನ್ಯಾನೊಟೆಸ್ಲಾ. ಅಷ್ಟು ಸಣ್ಣ ಏರುಪೇರನ್ನೂ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ನೆಲದೊಳಕ್ಕೆ ರೇಡಿಯೊ ಅಲೆ ಕಳುಹಿಸುವ ರಾಡಾರ್, ಪ್ರತಿಫಲನವು ಮರಳಲು ಹಿಡಿದ ಸಮಯದಿಂದ ಆಳವನ್ನು ಅಂದಾಜಿಸುತ್ತದೆ. ಹೀಗೆ, ಅದುವರೆಗೆ ಯಾರಿಗೂ ಗೊತ್ತಿರದಿದ್ದ 17 ಆಚರಣಾ ಸ್ಮಾರಕಗಳ ಕುರುಹು ಸಿಕ್ಕಿದುದಾಗಿ 2014ರಲ್ಲಿ ಪ್ರಕಟವಾಯಿತು.

ಆದರೆ ಈ ಉಪಕರಣಗಳಿಗೆ ತಿಳಿಯುವುದು ವ್ಯತ್ಯಾಸವೇ ಹೊರತು ವಸ್ತುವಲ್ಲ. ಸ್ಟೋನ್‌ಹೆಂಜ್‌ನಿಂದ ಸುಮಾರು 3 ಕಿಲೋಮೀಟರ್ ದೂರದ ಡರಿಂಗ್ಟನ್ ವಾಲ್ಸ್ ಎಂಬಲ್ಲಿ, ಮಣ್ಣಿನ ದೊಡ್ಡ ಏರಿಯೊಂದರ ಅಡಿಯಲ್ಲಿ, ಸಾಲಾಗಿ ಹೂತ ಆಕೃತಿಗಳು ಕಂಡುಬಂದವು. ರಾಡಾರಿನ ಪ್ರತಿಫಲನ ಗಟ್ಟಿಯಾಗಿತ್ತು. ಹಾಗಾಗಿ ಸುಮಾರು 90 ಬೃಹತ್ ಕಲ್ಲುಗಳು ಅಲ್ಲಿ ಮಲಗಿರಬಹುದೆಂದು 2015ರಲ್ಲಿ ಸುದ್ದಿಯಾಯಿತು. ಮರುವರ್ಷ ಎರಡು ಕಡೆ ಅಗೆದು ನೋಡಿದಾಗ ಒಂದು ಕಲ್ಲೂ ಇರಲಿಲ್ಲ. ಭಾರೀ ಮರದ ಕಂಬಗಳನ್ನು ನಿಲ್ಲಿಸಲು ತೋಡಿದ್ದ ಗುಂಡಿಗಳು ಅವು. ಕಂಬಗಳನ್ನು ಕಿತ್ತ ಮೇಲೆ ಬಿಳಿಕಲ್ಲಿನ ಪುಡಿ, ಚೂರುಗಳಿಂದ ಅವನ್ನು ತುಂಬಿ, ಆಮೇಲೆ ಅವುಗಳ ಮೇಲೆ ಆ ಮಣ್ಣಿನ ಏರಿಯನ್ನು ಕಟ್ಟಿದ್ದರು.

ಇದನ್ನು ಸಮೀಕ್ಷೆಯ ಸೋಲೆನ್ನುವುದು ಸರಿಯಲ್ಲವೆಂದು ನನ್ನ ಭಾವನೆ. ಎಲ್ಲಿ ಅಗೆಯಬೇಕೆಂಬುದನ್ನು ಅದು ಕರಾರುವಾಕ್ಕಾಗಿ ತೋರಿಸಿತು. ತಪ್ಪಿದ್ದು ಚಿತ್ರವನ್ನು ಓದಿದ ಬಗೆ ಮಾತ್ರ. ಮೇಲಾಗಿ, ತಿದ್ದಿದ ಉತ್ತರ ಮೊದಲಿನದಕ್ಕಿಂತ ಕುತೂಹಲಕರವಾಗಿದೆ: ಅಷ್ಟು ಶ್ರಮದಿಂದ ನಿಲ್ಲಿಸಿದ ಕಂಬಗಳನ್ನು ಆ ಜನ ಏಕೆ ಕಿತ್ತು ಮುಚ್ಚಿದರು?